ದಫ್ತರದ ಕೀಲಿಕೈ ಯಾರ ಸೊಂಟದಲ್ಲಿದೆ?

ರಾಣೇಬೆನ್ನೂರಿನ ಚಹಾದಂಗಡಿಯಲ್ಲಿ ಗಿರಣಿ ಕಾಮಗಾರರು ನಾಲ್ಕು ಜನ ಕೂಡಿದರೂ, ಬ್ಯಾಡಗಿಯ ಪೇಟೆಯಲ್ಲಿ ಸಣ್ಣ ವ್ಯಾಪಾರಸ್ಥರು ನಾಲ್ಕು ಜನ ಕೂಡಿದರೂ, ಈಗ ಒಂದೇ ಮಾತು ಏಳುತ್ತದೆ. ಕಂಪ್ಯೂಟರು, ಮೊಬೈಲು, ತಾನೇ ಯೋಚಿಸುವ ಯಂತ್ರ ಎಂದೆಲ್ಲ ಹೇಳುತ್ತಾರಲ್ಲ, ಅದು ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತದೆಯೋ, ನಮ್ಮ ಕೈ ಹಿಡಿಯುತ್ತದೆಯೋ? ಒಬ್ಬರು, ಇನ್ನು ಹತ್ತು ವರ್ಷದಲ್ಲಿ ಗಿರಣಿಯೊಳಗೆ ಮನುಷ್ಯನೇ ಇರುವುದಿಲ್ಲ ಎನ್ನುತ್ತಾರೆ. ಇನ್ನೊಬ್ಬರು, ಅದು ಬಂದರೇನೇ ಹಾವೇರಿ ಜಿಲ್ಲೆ ಉದ್ಧಾರವಾದೀತು, ಬೆಂಗಳೂರಿನ ಹಾಗೆ ಇಲ್ಲಿಯೂ ಕಾರ್ಖಾನೆ ಎದ್ದಾವು ಎನ್ನುತ್ತಾರೆ. ಮಂತ್ರಿಗಳ ಭಾಷಣದಲ್ಲಿ ಎರಡನೆಯ ಮಾತು, ಮನೆಯ ಒಲೆಯ ಮುಂದೆ ಮೊದಲನೆಯ ಮಾತು.

ಎರಡೂ ಮಾತು ಯಂತ್ರವನ್ನು ನೋಡುತ್ತವೆಯೇ ಹೊರತು ಯಂತ್ರದ ಒಡೆಯನನ್ನು ನೋಡುವುದಿಲ್ಲ. ಮಾಹಿತಿ ತಂತ್ರಜ್ಞಾನವೆಂಬ ದೊಡ್ಡ ಹೆಸರಿಗೆ ಹೆದರಬೇಕಾದ್ದಿಲ್ಲ. ಅದು ದಫ್ತರದ ವಿದ್ಯೆ. ಯಾವ ಸರಕು ಎಷ್ಟು ಬಂತು, ಯಾವ ಹದದಲ್ಲಿ ಬೆಂದಿತು, ಯಾರು ಎಷ್ಟು ದುಡಿದರು, ಯಾರಿಗೆ ಎಷ್ಟು ಬೇಕಾಗಿದೆ ಎಂಬುದನ್ನು ಬರೆದಿಟ್ಟು, ಕ್ಷಣದಲ್ಲಿ ಕೂಡಿಸಿ ಕಳೆದು, ಮುಂದೆ ಏನು ಮಾಡಬೇಕೆಂದು ಹೇಳುವ ವಿದ್ಯೆ. ಹಿಂದೆ ಅಡತಿ ಅಂಗಡಿಯ ಗುಮಾಸ್ತ ಕಿರ್ದಿ ಪುಸ್ತಕದಲ್ಲಿ ಮಾಡುತ್ತಿದ್ದುದನ್ನು ಈಗ ಯಂತ್ರ ಮಾಡುತ್ತದೆ. ಕಿರ್ದಿ ಪುಸ್ತಕ ಯಾರ ಪೆಟ್ಟಿಗೆಯಲ್ಲಿದೆಯೋ ಅವನ ಮಾತು ನಡೆಯುತ್ತದೆ ಎಂಬುದನ್ನು ಪೇಟೆಯಲ್ಲಿ ಸಾಲ ಮಾಡಿದ ಯಾವನಿಗೂ ಕಲಿಸಿಕೊಡಬೇಕಾಗಿಲ್ಲ. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ, ಯಂತ್ರ ಬರಬೇಕೋ ಬೇಡವೋ ಎಂಬುದಲ್ಲ. ಈ ಹೊಸ ದಫ್ತರದ ಕೀಲಿಕೈ ಯಾರ ಸೊಂಟದಲ್ಲಿ ಇರಬೇಕು ಎಂಬುದು.

ಈ ವಿದ್ಯೆ ಆಕಾಶದಿಂದ ಇಳಿದದ್ದಲ್ಲ, ನೇಕಾರನ ಮಗ್ಗದಿಂದಲೇ ಹುಟ್ಟಿದ್ದು. ಫ್ರಾನ್ಸಿನ ಲಿಯೋನ್ ನಗರದಲ್ಲಿ 1804ರ ಸುಮಾರಿಗೆ ಜಕಾರ್ಡ್ ಎಂಬಾತ ತೂತು ಕೊರೆದ ರಟ್ಟುಗಳನ್ನು ಮಗ್ಗಕ್ಕೆ ಜೋಡಿಸಿದ. ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಹೂಬಳ್ಳಿಯ ಅಂಚು ತಾನಾಗಿ ಮೂಡುತ್ತದೆ. ಇಂದಿಗೂ ಆ ಮಗ್ಗ ಅವನ ಹೆಸರಿನಿಂದಲೇ ನಡೆಯುತ್ತಿದೆ. ತುಮ್ಮಿನಕಟ್ಟಿಯ ನೇಕಾರರಿಗೆ ಆ ಹೆಸರು ಹೊಸದಲ್ಲ. ಅದೇ ತೂತಿನ ರಟ್ಟನ್ನು ಬಳಸಿ ಅಮೇರಿಕದ ಹಾಲೆರಿತ್ ಎಂಬಾತ 1890ರ ಜನಗಣತಿಯ ಲೆಕ್ಕವನ್ನು ಯಂತ್ರದಿಂದ ಮಾಡಿಸಿದ. ಅವನ ಉದ್ಯಮದಿಂದಲೇ ಮುಂದೆ ಐ.ಬಿ.ಎಂ. ಬೆಳೆಯಿತು. ಅಂದಮೇಲೆ ಕಂಪ್ಯೂಟರಿನ ಅಜ್ಜ ಮಗ್ಗ. ಆದರೆ ಇನ್ನೊಂದು ಮಾತನ್ನೂ ಮರೆಯಬಾರದು. ಹಿಂದೆ ಹೂಬಳ್ಳಿಯ ವಿನ್ಯಾಸ ನೇಕಾರನ ಮತ್ತು ಎಳೆ ಎತ್ತುವ ಅವನ ಸಹಾಯಕನ ಬುದ್ಧಿಯಲ್ಲಿತ್ತು. ಜಕಾರ್ಡ್ ಬಂದ ಮೇಲೆ ಅದು ರಟ್ಟಿಗೆ ಇಳಿಯಿತು. ರಟ್ಟು ಯಾರದೋ ಅವರದು ವಿನ್ಯಾಸವಾಯಿತು. ಅದೇ ಲಿಯೋನಿನ ನೇಕಾರರು 1831ರಲ್ಲಿ ಕೂಲಿಯ ದರಕ್ಕಾಗಿ ಬೀದಿಗಿಳಿದು ಹೋರಾಡಬೇಕಾಯಿತು.

ಇಂದು ನಮ್ಮ ಗಿರಣಿಗಳಲ್ಲಿ ನಡೆಯುತ್ತಿರುವುದೂ ಇದೇ. ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿ ಮರವನ್ನು ಬೇಯಿಸಿ ರೇಯಾನಿನ ತಿರುಳು ಮಾಡುವ ದೊಡ್ಡ ಕಾರ್ಖಾನೆ 1970ರ ದಶಕದಿಂದ ಇದೆ. ಜಗತ್ತಿನಲ್ಲಿ ಇಂಥ ಕಾರ್ಖಾನೆಗಳು ಎಲ್ಲೆಲ್ಲಿ ಇವೆಯೋ ಅಲ್ಲೆಲ್ಲ ಹಳೆಯ ಕಾಲದ ಕೆಲಸಗಾರ ವಾಸನೆಯಿಂದ, ಬಣ್ಣದಿಂದ, ಬೆರಳಿನ ನಡುವೆ ತಿಕ್ಕಿ ನೋಡಿ ಹದ ಹೇಳುತ್ತಿದ್ದ. ಇಪ್ಪತ್ತು ವರ್ಷ ದುಡಿದವನ ಮಾತಿಗೆ ಎಂಜಿನಿಯರನೂ ತಲೆಬಾಗುತ್ತಿದ್ದ. ಈಗ ಶಾಖವೆಷ್ಟು, ಹೊತ್ತೆಷ್ಟು, ಒತ್ತಡವೆಷ್ಟು ಎಂದು ನೂರಾರು ಅಳತೆಗಳು ಕ್ಷಣಕ್ಷಣಕ್ಕೂ ನಿಯಂತ್ರಣ ಕೊಠಡಿಯ ಪರದೆಗೆ ಹೋಗುತ್ತವೆ. ಅದರಿಂದ ಲಾಭವಿಲ್ಲವೆಂದು ನಾವು ಹೇಳುವುದಿಲ್ಲ. ಕುದಿಯುವ ಕ್ಷಾರದ ಹತ್ತಿರ, ವಿಷದ ಗಾಳಿಯ ಹತ್ತಿರ ಮನುಷ್ಯ ನಿಲ್ಲಬೇಕಾಗಿಲ್ಲವೆಂದರೆ ಅದು ಒಳ್ಳೆಯದೇ. ಆದರೆ ಕೆಲಸಗಾರನ ಬೆರಳಿನಲ್ಲಿದ್ದ ಹದ ಈಗ ಪರದೆಯ ಹಿಂದಿನ ದಫ್ತರಕ್ಕೆ ಸೇರಿತು. ಹದ ಅವನ ಬೆರಳಿನಲ್ಲಿ ಇದ್ದಷ್ಟು ದಿನ ಅವನನ್ನು ಹೊರಗೆ ಹಾಕುವುದು ಮಾಲೀಕನಿಗೆ ನಷ್ಟದ ಬಾಬತ್ತಾಗಿತ್ತು. ಹದ ದಫ್ತರ ಸೇರಿದ ಮೇಲೆ ಅವನ ಜಾಗದಲ್ಲಿ ಗುತ್ತಿಗೆಯ ಹುಡುಗನನ್ನು ನಿಲ್ಲಿಸಬಹುದು. ಸಂಬಳ ಕಡಿಮೆಯಾಗುವುದು ಹೀಗೆ. ಯಂತ್ರದಿಂದಲ್ಲ, ಯಂತ್ರದ ಮೂಲಕ.

ಇದು ವಿಜ್ಞಾನದ ನಿಯಮ, ಇದನ್ನು ತಡೆಯಲಾಗದು ಎಂದು ವಿದ್ವಾಂಸರು ಹೇಳಿಯಾರು. ಹಾಗಲ್ಲವೆಂಬುದಕ್ಕೆ ಚರಿತ್ರೆಯಲ್ಲಿಯೇ ಸಾಕ್ಷಿಯಿದೆ. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಅಮೇರಿಕದಲ್ಲಿ ಲೇತು ಮುಂತಾದ ಯಂತ್ರಗಳನ್ನು ತಾವಾಗಿಯೇ ನಡೆಯುವಂತೆ ಮಾಡಲು ಎರಡು ಹಾದಿಗಳಿದ್ದುವು. ಒಂದು, ನುರಿತ ಕೆಲಸಗಾರ ಒಂದು ಬಿಡಿಭಾಗವನ್ನು ಕೊರೆಯುವಾಗ ಅವನ ಕೈಚಲನೆಯನ್ನೇ ಪಟ್ಟಿಯಲ್ಲಿ ಮುದ್ರಿಸಿಕೊಂಡು, ಮುಂದಿನ ಭಾಗಗಳನ್ನು ಯಂತ್ರ ಅದೇ ರೀತಿ ಕೊರೆಯುವ ಹಾದಿ. ಇದನ್ನು ಅಲ್ಲಿನ ಜನರಲ್ ಎಲೆಕ್ಟ್ರಿಕ್ ಕಂಪನಿ ಮಾಡಿ ತೋರಿಸಿತು. ಇಲ್ಲಿ ಕೆಲಸಗಾರನೇ ಗುರು, ಯಂತ್ರ ಶಿಷ್ಯ. ಇನ್ನೊಂದು, ಕೆಲಸಗಾರನನ್ನು ಬದಿಗಿಟ್ಟು, ಕಚೇರಿಯಲ್ಲಿ ಕುಳಿತವರು ಅಂಕೆಗಳಲ್ಲಿ ಬರೆದ ಆಜ್ಞೆಯನ್ನು ಯಂತ್ರಕ್ಕೆ ಕೊಡುವ ಹಾದಿ. ಇದನ್ನು ವಾಯುದಳದ ಹಣದಿಂದ ಎಂ.ಐ.ಟಿ. ವಿದ್ಯಾಸಂಸ್ಥೆ 1952ರಲ್ಲಿ ಪ್ರದರ್ಶಿಸಿತು. ಎರಡನೆಯ ಹಾದಿ ಗೆದ್ದಿತು; ಇಂದು ನಮ್ಮ ಕಾರ್ಖಾನೆಗಳಲ್ಲಿರುವ ಸಿ.ಎನ್.ಸಿ. ಯಂತ್ರಗಳು ಅದರ ಮಕ್ಕಳು. ಕಠಿಣವಾದ ವಿಮಾನದ ಭಾಗಗಳಿಗೆ ಅದೇ ಬೇಕಿತ್ತು ಎಂಬುದೂ ನಿಜ. ಆದರೆ ಸಾಮಾನ್ಯ ಕೆಲಸಕ್ಕೆ ಮೊದಲನೆಯದು ಸಾಕಾಗುತ್ತಿತ್ತಾದರೂ ಅದು ಮೂಲೆಗೆ ಬಿತ್ತು. ಕೆಲಸದ ಮೇಲಿನ ಹಿಡಿತ ಕಾರ್ಖಾನೆಯ ನೆಲದಿಂದ ಕಚೇರಿಗೆ ಹೋಗಬೇಕೆಂದು ಬಯಸಿದವರ ಕೈಯಲ್ಲಿ ಹಣವಿತ್ತು. ಆಯ್ಕೆ ಮಾಡಿದವರು ಮನುಷ್ಯರು. ಮನುಷ್ಯರು ಮಾಡಿದ ಆಯ್ಕೆಯನ್ನು ಮನುಷ್ಯರು ತಿದ್ದಬಹುದು.

ಕುಮಾರಪಟ್ಟಣದಿಂದ ಹೊಳೆ ದಾಟಿದರೆ ಹರಿಹರ. ಅಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆಲ್ಲ ಲೇತು ಕಳಿಸಿದ ಕಾರ್ಖಾನೆ. ರಾಣೇಬೆನ್ನೂರು ತಾಲೂಕಿನ ಎಷ್ಟೋ ಮನೆಗಳ ಒಲೆ ಅದರ ಸಂಬಳದಿಂದ ಉರಿಯುತ್ತಿತ್ತು. 2000ದ ಸುಮಾರಿಗೆ ಅದು ಬಾಗಿಲು ಮುಚ್ಚಿತು. ಮುಚ್ಚಲು ಕಾರಣ ಒಂದಲ್ಲ. ಆದರೆ ಮುಚ್ಚಿದಾಗ ಕಂಡ ಒಂದು ಸಂಗತಿ ನಮ್ಮ ಪ್ರಶ್ನೆಗೆ ಸಂಬಂಧಿಸಿದ್ದು. ನೂಲಿನೆಳೆಯಷ್ಟು ವ್ಯತ್ಯಾಸವಿಲ್ಲದೆ ಉಕ್ಕನ್ನು ತಿರುವುತ್ತಿದ್ದ ಆ ಕೈಗಳ ವಿದ್ಯೆಯನ್ನು ಕೆಲಸಗಾರರ ಹೆಸರಿನಲ್ಲಿ ಬರೆದಿಟ್ಟು, ಹೊಸ ಯಂತ್ರಕ್ಕೆ ಅವರನ್ನು ಅಣಿಗೊಳಿಸಿ, ಇನ್ನೊಂದು ಉದ್ಯಮಕ್ಕೆ ಸಾಗಿಸುವ ಏರ್ಪಾಡು ನಾಡಿನಲ್ಲಿ ಇರಲಿಲ್ಲ. ದಫ್ತರ ಮಾಲೀಕನದಾದರೆ ಕೆಲಸ ಹೋಗುತ್ತದೆ. ದಫ್ತರವೇ ಇಲ್ಲದಿದ್ದರೆ ವಿದ್ಯೆಯೂ ಹೋಗುತ್ತದೆ.

ಈಗ ಬ್ಯಾಡಗಿಗೆ ಬರೋಣ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿತು. ಡಬ್ಬಿ, ಕಡ್ಡಿ ಎಂಬ ಜಾತಿಗಳನ್ನು ಇಲ್ಲಿನ ವ್ಯಾಪಾರಸ್ಥ ಮುಟ್ಟಿಯೇ ಹೇಳುತ್ತಾನೆ. ಖಾರ ಕಡಿಮೆ, ಬಣ್ಣ ಹೆಚ್ಚು; ಆ ಬಣ್ಣಕ್ಕಾಗಿಯೇ ಓಲಿಯೊರೆಸಿನ್ ತೆಗೆಯುವ ಕಾರ್ಖಾನೆಗಳು ಅದನ್ನು ಕೊಳ್ಳುತ್ತವೆ. ಈ ಕಾರ್ಖಾನೆಗಳು ಕಣ್ಣಿಗೆ ಕಂಡ ಕೆಂಪನ್ನು ನಂಬುವುದಿಲ್ಲ. ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ, ಅದರ ಮೂಲಕ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ಹೀರಿತೆಂದು ಅಳೆದು, ಆಸ್ಟಾ ಎಂಬ ಅಮೇರಿಕದ ಮಸಾಲೆ ವ್ಯಾಪಾರ ಸಂಘದ ಮಾನದಲ್ಲಿ ಅಂಕೆ ಕೊಡುತ್ತವೆ. ರೈತ ಕೆಂಪು ಎನ್ನುತ್ತಾನೆ, ಅಡತಿಯವ ಚೊಕ್ಕ ಮಾಲು ಎನ್ನುತ್ತಾನೆ, ಕಾರ್ಖಾನೆ ಅಂಕೆ ಎನ್ನುತ್ತದೆ. ಕೊನೆಗೆ ನಡೆಯುವುದು ಅಂಕೆಯ ಮಾತು. ಆ ಅಂಕೆ ತೆಗೆಯುವ ಯಂತ್ರ ಮಾರುವವನ ಹತ್ತಿರ ಇಲ್ಲ.

ರಾಜ್ಯದ ಪೇಟೆಗಳನ್ನು ಒಂದೇ ಜಾಲದಲ್ಲಿ ಕೂಡಿಸುವ ವ್ಯವಸ್ಥೆ 2014ರಲ್ಲಿ ಬಂತು. ಸರಕಾರವೂ ಒಂದು ಸರಕು ವಿನಿಮಯ ಕಂಪನಿಯೂ ಸಮಪಾಲಿನಲ್ಲಿ ಸೇರಿ ಅದನ್ನು ಕಟ್ಟಿದುವು. 2016ರ ಏಪ್ರಿಲ್ 14ರಂದು ಕೇಂದ್ರದ ಇ-ನ್ಯಾಮ್ ಆರಂಭವಾಯಿತು. ಗುಟ್ಟಿನ ಮಾತಿನ ಬದಲು ಪರದೆಯ ಮೇಲೆ ಟೆಂಡರು ಬಂದದ್ದು ಒಳ್ಳೆಯದೇ. ಹೆಚ್ಚಿಗೆ ಬರೆದವನಿಗೇ ಮಾಲು ಹೋಗುತ್ತದೆ, ಯಾರ ಕೈಚಳಕವೂ ನಡೆಯುವುದಿಲ್ಲ ಎಂಬ ಭರವಸೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ 2024ರ ಮಾರ್ಚ್ 11ರ ಸೋಮವಾರ ಏನಾಯಿತು? ಪೇಟೆಗೆ ಲಕ್ಷಗಟ್ಟಲೆ ಚೀಲ ಬಂದು ಬಿದ್ದಿದ್ದುವು. ದರ ಒಮ್ಮೆಗೇ ಕುಸಿಯಿತು. ದೂರದ ಊರುಗಳಿಂದ ಬಂದ ರೈತರು ಪೇಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು, ಬೆಂಕಿ ಆರಿಸಲು ಬಂದ ಬಂಡಿಯೂ ಉಳಿಯಲಿಲ್ಲ. ಬೆಂಕಿ ಹಚ್ಚುವುದನ್ನು ನಾವು ಒಪ್ಪುವುದಿಲ್ಲ. ಸುಟ್ಟದ್ದರಿಂದ ಒಂದು ಕ್ವಿಂಟಲಿಗೂ ಒಂದು ರೂಪಾಯಿ ಏರಲಿಲ್ಲ. ಆದರೆ ಪರದೆ ದರವನ್ನು ತೋರಿಸಿತು, ದರದ ಕಾರಣವನ್ನು ತೋರಿಸಲಿಲ್ಲ. ಶೀತಲ ಗೃಹಗಳಲ್ಲಿ ಹಳೆಯ ಮಾಲು ಎಷ್ಟು ಕೂತಿದೆ, ಕಾರ್ಖಾನೆಗಳಿಗೆ ಈ ವರ್ಷ ಎಷ್ಟು ಬೇಕು, ಬೇರೆ ರಾಜ್ಯದಲ್ಲಿ ಎಷ್ಟು ಬಿತ್ತಿದ್ದಾರೆ ಎಂಬ ಲೆಕ್ಕ ದೊಡ್ಡ ಕೊಳ್ಳುವವನ ದಫ್ತರದಲ್ಲಿ ಇರುತ್ತದೆ. ಚೀಲ ಹೊತ್ತು ತಂದವನಿಗೂ, ನೂರು ಚೀಲ ಕೊಂಡು ಪುಡಿ ಮಾಡಿಸುವ ಸಣ್ಣ ಗಿರಣಿಯವನಿಗೂ ಅದು ತಿಳಿಯುವುದಿಲ್ಲ. ಅರ್ಧ ದಫ್ತರ ತೆರೆದು ಅರ್ಧ ದಫ್ತರ ಮುಚ್ಚಿಟ್ಟರೆ, ಅದು ಪಾರದರ್ಶಕತೆ ಹೇಗಾದೀತು?

ಇದೇ ಬ್ಯಾಡಗಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ನೆಲದ ಮೇಲೆ ಕುಳಿತು, ಕೆಮ್ಮುತ್ತ ಸೀನುತ್ತ, ಮೆಣಸಿನಕಾಯಿಯ ತುಂಬು ಬಿಡಿಸಿ ಮಾಲು ವಿಂಗಡಿಸುತ್ತಾರೆ. ಇತ್ತ ಬಣ್ಣ ವಿಂಗಡಿಸುವ ಯಂತ್ರಗಳು ಅಕ್ಕಿ ಗಿರಣಿಗಳಿಂದ ಹಿಡಿದು ಮಸಾಲೆಯ ಉದ್ಯಮದವರೆಗೂ ಬಂದಿವೆ. ಬೀಳುವ ಪ್ರತಿಯೊಂದು ಕಾಳನ್ನೂ ಕ್ಯಾಮೆರಾ ನೋಡುತ್ತದೆ, ಕೆಟ್ಟದ್ದನ್ನು ಗಾಳಿಯ ಒಂದು ಊದಿನಿಂದ ಹೊರಗೆ ತಳ್ಳುತ್ತದೆ. ಖಾರದ ಧೂಳಿನಿಂದ ಆ ಹೆಣ್ಣುಮಕ್ಕಳಿಗೆ ಬಿಡುಗಡೆ ಬೇಡವೆಂದು ಹೇಳುವವನು ಸಮಾಜವಾದಿಯಲ್ಲ. ಆದರೆ ಬಿಡುಗಡೆಯೆಂದರೆ ಕೆಲಸದಿಂದ ಹೊರದೂಡುವುದಲ್ಲ. ಯಾವುದು ಒಳ್ಳೆಯ ಕಾಯಿ, ಯಾವುದು ಕೆಟ್ಟದ್ದು ಎಂದು ಯಂತ್ರಕ್ಕೆ ಕಲಿಸುವ ಕಣ್ಣು ಆ ಹೆಣ್ಣುಮಕ್ಕಳದು. ಆ ಕಣ್ಣಿಗೆ ಬೆಲೆ ಕಟ್ಟದೆ, ಯಂತ್ರಕ್ಕೆ ಮಾತ್ರ ಬೆಲೆ ಕಟ್ಟುವ ಲೆಕ್ಕ ಕಳ್ಳಲೆಕ್ಕ.

ಸಣ್ಣ ವ್ಯಾಪಾರಸ್ಥ ಬಂಧುಗಳು ಇದು ಕಾಮಗಾರರ ಗೊಂದಲ, ನಮಗೇನು ಎಂದು ಸುಮ್ಮನಿರಬಾರದು. 2025ರ ಜುಲೈ ತಿಂಗಳನ್ನು ನೆನೆಯಿರಿ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಸ್ಥನಿಗೆ, ನಾಲ್ಕು ವರ್ಷದಲ್ಲಿ ಮೊಬೈಲಿನ ಮೂಲಕ 1 ಕೋಟಿ 63 ಲಕ್ಷ ರೂಪಾಯಿ ವಹಿವಾಟು ನಡೆಸಿದ್ದೀಯೆ, 29 ಲಕ್ಷ ತೆರಿಗೆ ಕಟ್ಟು ಎಂಬ ನೋಟೀಸು ಬಂತು. ತಾಜಾ ತರಕಾರಿಗೆ ಜಿ.ಎಸ್.ಟಿ. ಇಲ್ಲವೆಂಬುದು ಎಳೆಯ ಮಗುವಿಗೂ ಗೊತ್ತು. ಆದರೆ ದಫ್ತರಕ್ಕೆ ಕಂಡದ್ದು ಬಂದ ಹಣ ಮಾತ್ರ. ಬುಟ್ಟಿಯೊಳಗೆ ಬದನೆಕಾಯಿ ಇತ್ತೋ ಬಂಗಾರ ಇತ್ತೋ ಅದಕ್ಕೆ ಕಾಣಲಿಲ್ಲ. ರಾಜ್ಯದ ಉದ್ದಗಲಕ್ಕೂ ವ್ಯಾಪಾರಸ್ಥರು ಎದ್ದು ನಿಂತರು, ಮೊಬೈಲಿನಲ್ಲಿ ಹಣ ಪಡೆಯುವುದಿಲ್ಲವೆಂದು ಫಲಕ ಹಾಕಿದರು. ಆಮೇಲೆ ಸರಕಾರ ಹಳೆಯ ಬಾಕಿಗೆ ಕೈಹಾಕುವುದಿಲ್ಲವೆಂದು ಹೇಳಬೇಕಾಯಿತು. ಅಂಗಡಿಕಾರನ ಲೆಕ್ಕ ಅಂಗಡಿಕಾರನಿಗಿಂತ ಮೊದಲು ಇನ್ನೊಬ್ಬನ ಕೈಯಲ್ಲಿರುವುದು, ಗಿರಣಿ ಕಾಮಗಾರನ ಹದ ಮಾಲೀಕನ ಪರದೆಯಲ್ಲಿರುವುದು, ಇವೆರಡೂ ಒಂದೇ ರೋಗದ ಎರಡು ಲಕ್ಷಣ.

ಹಾಗಾದರೆ ಯಂತ್ರವನ್ನು ಒಡೆಯೋಣವೇ? 1811ರಲ್ಲಿ ಇಂಗ್ಲೆಂಡಿನ ಲಡ್ಡೈಟ್ ಕೆಲಸಗಾರರು ಹೆಣಿಗೆಯ ಚೌಕಟ್ಟುಗಳನ್ನು ಒಡೆದರು. 1812ರಲ್ಲಿ ಅಲ್ಲಿನ ಪಾರ್ಲಿಮೆಂಟು ಯಂತ್ರ ಒಡೆದವನಿಗೆ ಮರಣದಂಡನೆಯೆಂದು ಕಾನೂನು ಮಾಡಿತು. ಅವರ ಸಿಟ್ಟು ನ್ಯಾಯದ್ದು, ಆದರೆ ಅವರು ಸೋತರು. ನಮ್ಮ ದೇಶದಲ್ಲಿಯೂ 1960ರ ದಶಕದಲ್ಲಿ ಕಲಕತ್ತೆಯ ಜೀವವಿಮಾ ನೌಕರರು ಕಂಪ್ಯೂಟರಿನ ವಿರುದ್ಧ ಹೋರಾಡಿದರು. ಕೊನೆಗೂ ಕಂಪ್ಯೂಟರು ಬಂತು. ಬಾಗಿಲಲ್ಲಿ ತಡೆಯುವ ಹೋರಾಟದ ಜೊತೆಗೆ, ಒಳಗೆ ಬಂದ ಮೇಲೆ ಅದು ಯಾರ ಮಾತು ಕೇಳಬೇಕು ಎಂಬ ಹೋರಾಟವೂ ಬೇಕೆಂಬುದು ಆ ಚರಿತ್ರೆಯ ಪಾಠ.

ಡಾ. ರಾಮಮನೋಹರ ಲೋಹಿಯಾ 1952ರ ಪಚ್ಮಡಿ ಸಮ್ಮೇಲನದಲ್ಲಿ, ಅಮೇರಿಕದ ದೈತ್ಯ ಯಂತ್ರವೂ ಬೇಡ, ರಷ್ಯದ ದೈತ್ಯ ಯಂತ್ರವೂ ಬೇಡ, ಹಳ್ಳಿಗೂ ಪಟ್ಟಣಕ್ಕೂ ಒಗ್ಗುವ ಸಣ್ಣ ಘಟಕದ ಯಂತ್ರ ಬೇಕೆಂಬ ವಿಚಾರ ಮುಂದಿಟ್ಟರು. ಇಂದು ನೋಡಿ, ಯಂತ್ರವೇನೋ ಸಣ್ಣದಾಗಿದೆ. ಹಮಾಲನ ಅಂಗಿಯ ಕಿಸೆಯಲ್ಲಿ ಕೂಡ ಕಂಪ್ಯೂಟರು ಇದೆ. ಆದರೆ ಆ ಕಿಸೆಯ ಯಂತ್ರ ಬರೆಯುವ ದಫ್ತರ ಹಿಂದೆಂದೂ ಇಲ್ಲದಷ್ಟು ದೊಡ್ಡದಾಗಿ, ಕೆಲವೇ ಕಂಪನಿಗಳ ಗೋದಾಮಿನಲ್ಲಿ ಕೂಡಿಬಿದ್ದಿದೆ. ಲೋಹಿಯಾ ಅವರ ಅರ್ಧ ಮಾತು ನಡೆದಿದೆ. ಉಳಿದ ಅರ್ಧವನ್ನು ನಡೆಸುವುದು ನಮ್ಮ ಕೆಲಸ.

ಈ ಕೆಲಸಕ್ಕೆ ಅವಸರವೂ ಇದೆ. ಯೂರೋಪಿನ ಒಕ್ಕೂಟ 2024ರಲ್ಲಿ ಮಾಡಿದ ಕಾನೂನಿನ ಮೇರೆಗೆ, ಅಲ್ಲಿ ಮಾರುವ ಸರಕುಗಳಿಗೆ ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ವಿದ್ಯುನ್ಮಾನ ರಹದಾರಿ ಬೇಕಾಗುತ್ತದೆ. ಯಾವುದರಿಂದ ಮಾಡಿದ್ದು, ಹೇಗೆ ಮಾಡಿದ್ದು ಎಂಬ ವಿವರ ಸರಕಿನ ಜೊತೆಗೇ ಹೋಗಬೇಕು. ಬಟ್ಟೆಬರೆ ಮೊದಲ ಸಾಲಿನಲ್ಲಿದೆ. ನಮ್ಮ ದೇಶದ ಹತ್ತಿಗೂ ಕಸ್ತೂರಿ ಎಂಬ ಹೆಸರಿನಲ್ಲಿ ಅಂಡಿಗೆಯಿಂದಲೇ ಗುರುತಿನ ಚೀಟಿ ಹಚ್ಚುವ ಏರ್ಪಾಡು ನಡೆದಿದೆ. ನಾಳೆ ರಾಣೇಬೆನ್ನೂರಿನ ಜಿನ್ನಿಂಗ್ ಗಿರಣಿಯಾಗಲಿ, ಬ್ಯಾಡಗಿಯ ಪುಡಿ ಗಿರಣಿಯಾಗಲಿ, ದಫ್ತರ ಸರಿಯಿಲ್ಲದಿದ್ದರೆ ದೂರದ ಪೇಟೆಗೆ ಸರಕು ಕಳಿಸಲಾರದು. ದೊಡ್ಡವರು ದುಡ್ಡು ಕೊಟ್ಟು ದಫ್ತರ ಬರೆಸಿಯಾರು. ಸಣ್ಣವರು ಕೂಡಿ ಬರೆಸದಿದ್ದರೆ ದೊಡ್ಡವರ ಮನೆಯ ಗುತ್ತಿಗೆದಾರರಾಗಿ ಉಳಿಯಬೇಕಾದೀತು.

ಆದ್ದರಿಂದ ನಮ್ಮ ಬೇಡಿಕೆಗಳು ಇವು.

ಒಂದು: ಗಿರಣಿಯಲ್ಲಿ ಜನರ ಕೆಲಸ ಕಡಿಮೆ ಮಾಡುವ ಹೊಸ ಯಂತ್ರ ಹೂಡುವ ಮೊದಲು ಕೆಲಸಗಾರರಿಗೆ 21 ದಿನದ ನೋಟೀಸು ಕೊಡಬೇಕೆಂಬುದು 1947ರ ಕೈಗಾರಿಕಾ ವಿವಾದ ಕಾಯಿದೆಯಲ್ಲಿ ಇತ್ತು, 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿಯೂ ಉಳಿದಿದೆ. ಆದರೆ ಕೆಲಸದಿಂದ ತೆಗೆಯಲು ಸರಕಾರದ ಅಪ್ಪಣೆ ಬೇಕಾದ ಕಾರ್ಖಾನೆಯ ಗಾತ್ರವನ್ನು 100 ಕೆಲಸಗಾರರಿಂದ 300ಕ್ಕೆ ಏರಿಸಿದ್ದಾರೆ. ನಮ್ಮ ಜಿಲ್ಲೆಯ ಸಣ್ಣ ಗಿರಣಿಗಳ ಕಾಮಗಾರರು ಇದರಿಂದ ಬಯಲಿಗೆ ಬಿದ್ದರು. ಸಂಘಗಳು ನೋಟೀಸಿನ ಹಕ್ಕನ್ನು ಬಿಗಿಯಾಗಿ ಹಿಡಿಯಬೇಕು. 300ರ ಮಿತಿಯನ್ನು ರದ್ದುಪಡಿಸಲು ಹೋರಾಡಬೇಕು.

ಎರಡು: ಯಂತ್ರ ಹೇಗೆ ತೀರ್ಮಾನ ಮಾಡುತ್ತದೆಂದು ತಿಳಿಯುವ ಹಕ್ಕನ್ನು, ಮೊಬೈಲಿನ ಆಜ್ಞೆಯಂತೆ ಮನೆಮನೆಗೆ ಸಾಮಾನು ಮುಟ್ಟಿಸುವ ಕೆಲಸಗಾರರಿಗೆ ಕರ್ನಾಟಕವೇ 2025ರ ಗಿಗ್ ಕಾರ್ಮಿಕರ ಕಾನೂನಿನಲ್ಲಿ ಒಪ್ಪಿದೆ. ಅದೇ ಹಕ್ಕು ಗಿರಣಿ ಕಾಮಗಾರನಿಗೂ ಪೇಟೆಯ ಹಮಾಲನಿಗೂ ಬೇಕು. ಪರದೆಯ ಮೇಲೆ ಅವನ ದುಡಿಮೆ ಹೇಗೆ ಅಳೆಯಲ್ಪಡುತ್ತದೆಂದು ಕನ್ನಡದಲ್ಲಿ ಅವನಿಗೆ ತಿಳಿಸಬೇಕು.

ಮೂರು: ಶೀತಲ ಗೃಹಗಳ ದಾಸ್ತಾನು ಎಷ್ಟೆಂಬುದನ್ನು ಪೇಟೆಯ ದಿನದ ದರದ ಜೊತೆಗೇ ಪ್ರತಿ ವಾರ ಫಲಕದ ಮೇಲೆ ಬರೆಯಬೇಕು. ಬಣ್ಣ ಅಳೆಯುವ ಯಂತ್ರವನ್ನು ಪೇಟೆ ಸಮಿತಿಯೇ ಇಟ್ಟು, ಮಾರುವವನ ಕೈಗೆ ಅಂಕೆಯ ಚೀಟಿ ಕೊಡಬೇಕು.

ನಾಲ್ಕು: ಪುಡಿ ಗಿರಣಿ, ಜಿನ್ನಿಂಗ್, ನೇಕಾರಿಕೆಯ ಸಣ್ಣ ಉದ್ಯಮಗಳಿಗಾಗಿ ಸಹಕಾರಿ ದಫ್ತರ ಬೇಕು. ಹಾಲಿನ ಲೆಕ್ಕವನ್ನು ಹಳ್ಳಿಹಳ್ಳಿಯ ಸಂಘ ಇಡಬಲ್ಲದಾದರೆ ಮೆಣಸಿನಕಾಯಿಯ ಲೆಕ್ಕ ಇಡಲಾಗದೇ? ಐ.ಟಿ.ಐ.ಗಳಲ್ಲಿ ಈ ವಿದ್ಯೆಯನ್ನು ಕನ್ನಡದಲ್ಲಿ, ದುಡಿಯುವವರಿಗೆ ಸಂಜೆಯ ಹೊತ್ತಿನಲ್ಲಿ ಕಲಿಸಬೇಕು. ತುಂಬು ಬಿಡಿಸುವ ಹೆಣ್ಣುಮಕ್ಕಳಿಗೆ ಅಲ್ಲಿ ಮೊದಲ ಸಾಲು ಇರಬೇಕು.

ಐದು: ಯಂತ್ರ ಉಳಿಸಿದ ಹೊತ್ತಿನಲ್ಲಿ ಕೆಲಸಗಾರನಿಗೆ ಪಾಲು ಬೇಕು. ಎಂಟು ತಾಸಿನ ಕೆಲಸವನ್ನು ಯಂತ್ರ ಆರು ತಾಸಿಗೆ ಇಳಿಸಿದರೆ, ಕೂಲಿ ಕಡಿಯದೆ ದಿನವೇ ಇಳಿಯಲಿ. ಹಿಂದೆ ಹನ್ನೆರಡು ತಾಸಿನ ದಿನ ಎಂಟಕ್ಕೆ ಇಳಿದದ್ದು ಯಂತ್ರದ ದಯೆಯಿಂದಲ್ಲ, ಸಂಘದ ಬಲದಿಂದ.

ಈ ಬೇಡಿಕೆಗಳಲ್ಲಿ ಒಂದನ್ನೂ ಕಾಮಗಾರರು ಒಬ್ಬರೇ ಗೆಲ್ಲಲಾರರು, ವ್ಯಾಪಾರಸ್ಥರು ಒಬ್ಬರೇ ಗೆಲ್ಲಲಾರರು. ಪಗಾರ ಸಿಗದ ಗಿರಣಿ ಕಾಮಗಾರ ಕಿರಾಣಿ ಅಂಗಡಿಯ ಉದ್ರಿ ಹೇಗೆ ತೀರಿಸಿಯಾನು? ಅಂಗಡಿ ಮುಚ್ಚಿದರೆ ಹಮಾಲ ಯಾರ ಚೀಲ ಹೊತ್ತಾನು? ಪೇಟೆಯೂ ಗಿರಣಿಯೂ ಒಂದೇ ಊರಿನ ಎರಡು ಕೇರಿಗಳು.

ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನವರು ಮೈಲಾರ ಮಹಾದೇವಪ್ಪನವರು. 1943ರ ಏಪ್ರಿಲ್ 1ರಂದು, ಪರಕೀಯರ ಸರಕಾರ ಕೂಡಿಹಾಕಿದ್ದ ಕಂದಾಯದ ಮೇಲೆ ಕೈಹಾಕಲು ಹೋಗಿ, ಹೊಸರಿತ್ತಿಯಲ್ಲಿ ತಮ್ಮ ಇಬ್ಬರು ಸಂಗಡಿಗರೊಡನೆ ಗುಂಡಿಗೆ ಬಲಿಯಾದರು. ಜನರ ಬೆವರಿನ ಲೆಕ್ಕ ಜನರ ಕೈಯಲ್ಲಿರಬೇಕೆಂದು ಈ ನೆಲದಲ್ಲಿ ಪ್ರಾಣ ಕೊಟ್ಟವರಿದ್ದಾರೆ. ಆ ಕಾಲದಲ್ಲಿ ಚಾವಡಿ ಕಣ್ಣೆದುರಿಗೆ ಇತ್ತು, ದಫ್ತರ ಬಟ್ಟೆಯ ಗಂಟಿನಲ್ಲಿ ಇತ್ತು. ಇಂದಿನ ದಫ್ತರ ಕಣ್ಣಿಗೆ ಕಾಣದು, ಬೆಂಕಿಗೆ ಸುಡದು. ಅದನ್ನು ತೆರೆಸಲು ಸಂಘ ಬೇಕು, ಕಾನೂನು ಬೇಕು, ಓದುಬರಹ ಬೇಕು. ಬರುವ ವಾರದ ಸಂಘದ ಸಭೆಗೆ ಪ್ರತಿಯೊಬ್ಬ ಕಾಮಗಾರನೂ ಪ್ರತಿಯೊಬ್ಬ ಅಂಗಡಿಕಾರನೂ ಒಂದೇ ಒಂದು ಪ್ರಶ್ನೆಯನ್ನು ತರಲಿ: ನನ್ನ ದುಡಿಮೆಯ ಲೆಕ್ಕ ಎಲ್ಲಿ ಬರೆಯಲ್ಪಡುತ್ತಿದೆ, ಅದನ್ನು ನಾನು ಓದಬಹುದೇ? ಓದಲಾಗದೆಂಬ ಉತ್ತರ ಬಂದಲ್ಲಿ, ನಮ್ಮ ಹೋರಾಟದ ಮೊದಲ ಠಾಣೆ ಅದೇ.